ಸ್ಥಾಪಕರ ಲೆಕ್ಕ, ವಿದ್ಯಾರ್ಥಿಗಳ ದಾರಿ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದ ಆಂಟೋನಿಯೊ ಮೊಸ್ಕೇನಿ ಉತ್ತರ ಇಟಲಿಯ ಲೊಂಬಾರ್ಡಿ ಸೀಮೆಯವನು. ಆ ಚಾಪೆಲಿರುವ ಕ್ಯಾಥೋಲಿಕ್ ಕಾಲೇಜು ಮಂಗಳೂರಿನಲ್ಲಿ 1880ರಲ್ಲೇ ಶುರುವಾಯಿತು. ಅವನ ಸೀಮೆಯ ಮುಖ್ಯ ಪಟ್ಟಣ ಮಿಲಾನ್ ಮಾತ್ರ ತನ್ನ ಕ್ಯಾಥೋಲಿಕ್ ವಿಶ್ವವಿದ್ಯಾಲಯಕ್ಕೆ 1921ರ ತನಕ ಕಾಯಬೇಕಾಯಿತು. ಇಟಲಿ ಒಂದು ರಾಷ್ಟ್ರವಾದಾಗ ಪೋಪರ ರಾಜ್ಯ ಕೈತಪ್ಪಿತ್ತು. ಸರ್ಕಾರಕ್ಕೂ ಚರ್ಚಿಗೂ ಆಗಿಬರುತ್ತಿರಲಿಲ್ಲ. 1873ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ದೈವಶಾಸ್ತ್ರ ವಿಭಾಗಗಳನ್ನೇ ಮುಚ್ಚಿದ್ದರು.

ಆ ಕೊರತೆ ನೀಗಲು ಹೊರಟವರಲ್ಲಿ ಮುಖ್ಯರು ಇಬ್ಬರು. ಆಗೊಸ್ತಿನೊ ಜೆಮೆಲ್ಲಿ ವೈದ್ಯಕೀಯ ಓದಿ, ಹರೆಯದಲ್ಲಿ ಸಮಾಜವಾದಿಯಾಗಿದ್ದು, ಆಮೇಲೆ ಫ್ರಾನ್ಸಿಸ್ಕನ್ ಸನ್ಯಾಸಿಯಾದವರು. ಆರ್ಮಿದಾ ಬಾರೆಲ್ಲಿ ಕ್ಯಾಥೋಲಿಕ್ ಯುವತಿಯರ ಸಂಘಟನೆ ಕಟ್ಟಿದಾಕೆ. ಶ್ರೀಮಂತರ ದೇಣಿಗೆಯೊಂದನ್ನೇ ನಂಬದೆ, 1924ರಿಂದ ವರ್ಷಕ್ಕೊಂದು ದಿನ ಊರೂರಿನ ಚರ್ಚುಗಳಲ್ಲಿ ಇದಕ್ಕಾಗಿ ಕಾಣಿಕೆ ಎತ್ತಿದರು. ಕಾಲೇಜಿನ ಮೆಟ್ಟಿಲು ಹತ್ತದವರ ಚಿಲ್ಲರೆಯೂ ಇದರ ಬುನಾದಿಯಲ್ಲಿದೆ.

ಇಂದು ಈ ವಿಶ್ವವಿದ್ಯಾಲಯಕ್ಕೆ ಐದು ಊರುಗಳಲ್ಲಿ ಕ್ಯಾಂಪಸ್ಸುಗಳಿವೆ. ಮಿಲಾನಿನದು ಸಂತ ಆಂಬ್ರೋಸರ ಬೆಸಿಲಿಕಾದ ಪಕ್ಕದ ಹಳೆಯ ಮಠ. ಅದರ ಕಂಬಸಾಲಿನ ಅಂಗಳಗಳು ವಾಸ್ತುಶಿಲ್ಪಿ ಬ್ರಮಾಂತೆಯ ಕಲ್ಪನೆ. ಪೊ ನದಿಯ ಬಯಲಿನ ಪಿಯಾಚೆಂಜಾದಲ್ಲಿ ಕೃಷಿವಿಜ್ಞಾನ ಬೇರೂರಿತು. ಬ್ರೆಶಾದಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಕ್ರೆಮೋನಾದಲ್ಲಿ ಆಹಾರೋದ್ಯಮದ ಅರ್ಥಶಾಸ್ತ್ರ. ರೋಮಿನಲ್ಲಿ ವೈದ್ಯಕೀಯ, ಜೊತೆಗೆ 1964ರಲ್ಲಿ ತೆರೆದ ಜೆಮೆಲ್ಲಿ ಆಸ್ಪತ್ರೆ. 1981ರಲ್ಲಿ ಗುಂಡೇಟು ತಿಂದ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಒಯ್ದದ್ದು ಅಲ್ಲಿಗೇ. ಒಂದೇ ಹೆಸರಿನ ಸಂಸ್ಥೆ ಊರಿಗೆ ತಕ್ಕ ವಿದ್ಯೆ ಹಿಡಿಯಿತು. ಆದರೆ ಮಣ್ಣು ಪರೀಕ್ಷೆ ಕಲಿಯಲು ಬಂದವನೂ ಬ್ಯಾಂಕಿಂಗ್ ಕಲಿಯಲು ಬಂದವಳೂ ದೈವಶಾಸ್ತ್ರದ ತರಗತಿಗಳಲ್ಲಿ ಕೂರಲೇಬೇಕು.

ಹಾಗಾದರೆ ಅಲ್ಲಿ ಓದಿದವರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಹೊರಬಂದರೇ? ಸ್ಥಾಪಕರ ಲೆಕ್ಕ ಅದಕ್ಕೆ ಹತ್ತಿರವೇ ಇತ್ತು: ದೇಶ ನಡೆಸಬಲ್ಲ ಕ್ಯಾಥೋಲಿಕ್ ಮುಂದಾಳುಗಳನ್ನು ತಯಾರು ಮಾಡುವುದು. ಮುಂದಾಳುಗಳೇನೋ ತಯಾರಾದರು, ಆದರೆ ಒಂದೇ ಅಚ್ಚಿನವರಲ್ಲ. ಜೆಮೆಲ್ಲಿ ಮುಸೊಲಿನಿಯ ಆಳ್ವಿಕೆಯೊಂದಿಗೆ ಹೊಂದಿಕೊಂಡೇ ನಡೆದರು. ಅವರದೇ ಸಂಸ್ಥೆಯ ಜುಸೆಪ್ಪೆ ದೊಸ್ಸೆತ್ತಿ ಫ್ಯಾಸಿಸ್ಟ್ ವಿರೋಧಿ ಹೋರಾಟಕ್ಕಿಳಿದರು, ಯುದ್ಧ ಮುಗಿದ ಮೇಲೆ ಗಣರಾಜ್ಯದ ಸಂವಿಧಾನ ಬರೆಯಲು ಕೂತರು. ಇಲ್ಲೇ ಪದವಿ ಪಡೆದ ತೀನಾ ಅನ್ಸೆಲ್ಮಿ 1976ರಲ್ಲಿ ಇಟಲಿಯ ಮೊದಲ ಮಹಿಳಾ ಸಚಿವೆ. ಎರಡು ವರ್ಷದ ನಂತರ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದದ್ದು ಆಕೆ ಆರೋಗ್ಯ ಸಚಿವೆಯಾಗಿದ್ದಾಗ. ಚರ್ಚು ಖಡಾಖಂಡಿತವಾಗಿ ವಿರೋಧಿಸಿದ ಗರ್ಭಪಾತದ ಕಾಯ್ದೆಗೂ ಆಕೆಯ ಸಹಿ ಇದೆ. ಆಕೆ ಶ್ರದ್ಧೆಯ ಕ್ಯಾಥೋಲಿಕ್. ಆದರೆ ಪಾರ್ಲಿಮೆಂಟು ಒಪ್ಪಿದ್ದನ್ನು ಸಚಿವೆ ತಡೆಹಿಡಿಯಲಿಲ್ಲ.

1967ರ ನವೆಂಬರಿನಲ್ಲಿ ಶುಲ್ಕ ಏರಿಕೆ ವಿರೋಧಿಸಿ ವಿದ್ಯಾರ್ಥಿಗಳು ಮಿಲಾನಿನ ಆ ಹಳೆಯ ಮಠವನ್ನೇ ಆಕ್ರಮಿಸಿ ಕೂತರು. ಆಡಳಿತ ಪೊಲೀಸರನ್ನು ಕರೆಸಿತು, ಮುಂದಾಳು ಮಾರಿಯೊ ಕಪಾನ್ನಾನನ್ನು ಹೊರಹಾಕಿತು. ಇಟಲಿಯ 1968ರ ವಿದ್ಯಾರ್ಥಿ ಚಳವಳಿಗೆ ಕಿಡಿ ಹೊತ್ತಿದ ಜಾಗಗಳಲ್ಲಿ ಈ ಅಂಗಳವೂ ಒಂದು.

ನಮ್ಮ ನಾಡಿನಲ್ಲೂ ವಿದ್ಯೆಯ ದೊಡ್ಡ ಪಾಲನ್ನು ಹೊತ್ತದ್ದು ಮಠಗಳು ಮತ್ತು ಮಿಷನ್ನುಗಳೇ. ಅವುಗಳ ಋಣ ಸಣ್ಣದಲ್ಲ. ಆದರೆ ಧರ್ಮ ಕಟ್ಟಡ ಕಟ್ಟಬಲ್ಲದು, ಅಧ್ಯಾಪಕರನ್ನು ತರಬಲ್ಲದು, ಪಠ್ಯದಲ್ಲಿ ತನ್ನ ಪಾಲು ಸೇರಿಸಬಲ್ಲದು. ಕಲಿತವರು ಏನು ಯೋಚಿಸಬೇಕೆಂದು ಮಾತ್ರ ಗೊತ್ತುಮಾಡಲಾರದು. ಗೊತ್ತುಮಾಡಲು ಹೊರಟ ದಿನ ಅದು ವಿಶ್ವವಿದ್ಯಾಲಯವಾಗಿ ಉಳಿಯುವುದಿಲ್ಲ. ಮಕ್ಕಳನ್ನು ಸೇರಿಸುವಾಗ ಶಿಸ್ತು ಹೇಗೆ, ಫಲಿತಾಂಶ ಎಷ್ಟು ಎಂದು ವಿಚಾರಿಸುತ್ತೇವೆ. ಅಲ್ಲಿ ಓದಿದವರು ಆ ಸಂಸ್ಥೆಯವರಿಗೇ ಎದುರಾಡಿದ್ದುಂಟೇ, ಆಡಿದಾಗ ಅವರ ಗತಿ ಏನಾಯಿತು ಎಂಬುದನ್ನೂ ಕೇಳುವುದು ಒಳ್ಳೆಯದು.