ಬದಲಾದ ಸಾಲು, ಬದಲಾಗದ ಕಥೆ

ಕಾರ್ಟೂನ್ ಚಿತ್ರಗಳೆಂದರೆ ನಿರುಪದ್ರವಿ ಮನರಂಜನೆ ಎಂದು ನಂಬಿ ನಾವು ಮಕ್ಕಳನ್ನು ಟಿ.ವಿ. ಮುಂದೆ ಕೂರಿಸಿ ನಿಶ್ಚಿಂತರಾಗುತ್ತೇವೆ. 1992ರಲ್ಲಿ ಡಿಸ್ನಿ ಹೊರತಂದ ‘ಅಲ್ಲಾದೀನ್’ ಚಿತ್ರದ ಆರಂಭದ ಹಾಡು ಅರಬರ ನಾಡನ್ನು, ಕ್ಷುಲ್ಲಕ ಕಾರಣಕ್ಕೆ ಅಂಗ ಕತ್ತರಿಸುವವರ ನಾಡೆಂದು ಬಣ್ಣಿಸಿತ್ತು. ಅಮೇರಿಕದ ಅರಬ್ ಸಂಘಟನೆ ಪ್ರತಿಭಟಿಸಿದ ಬಳಿಕ 1993ರ ವೀಡಿಯೋ ಆವೃತ್ತಿಯಲ್ಲಿ ಆ ಸಾಲು ಬದಲಾಯಿತು. ‘ಅನಾಗರಿಕ’ ಎಂಬ ಪದ ಮಾತ್ರ ಉಳಿಯಿತು. ನಾಯಕನಿಗೆ ಅಮೇರಿಕನ್ ಉಚ್ಚಾರ, ಕಾವಲುಭಟರಿಗೆ ಅರಬ್ ಧಾಟಿ ಎಂಬ ತಾರತಮ್ಯವೂ ಉಳಿಯಿತು.

ಪ್ರತಿಭಟನೆಯ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿವೆ. ಅದು ಸಾಲನ್ನು ಅಳಿಸಬಲ್ಲದು, ಕಥೆ ಹೇಳಲಾರದು. ದುಬೈಯಲ್ಲಿ ತಯಾರಾದ 2015ರ ‘ಬಿಲಾಲ್’ ಆ ಕೆಲಸಕ್ಕೆ ಕೈಹಾಕಿತು. ಗುಲಾಮಗಿರಿಯಿಂದ ಬಿಡುಗಡೆಗೊಂಡ, ಕಪ್ಪು ವರ್ಣದ ಹಝ್ರತ್ ಬಿಲಾಲ್(ರ)ರೇ ಅಲ್ಲಿ ನಾಯಕ.

ಕನ್ನಡದಲ್ಲಿ ಆ ಕೆಲಸ ಯಾರದು? ನಮ್ಮದೇ ಜಿಲ್ಲೆಯ ಕುವೆಂಪು ಯುರೋಪಿನ ಕಥೆಯೊಂದನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿ ಕನ್ನಡದ ಮಕ್ಕಳಿಗೆ ಕೊಟ್ಟರು. ನಾವೋ, ನವುಲೆಯ ಇಂಜಿನಿಯರಿಂಗ್ ಕಾಲೇಜಿನ ಸೀಟಿಗೆ ಸಾಲವನ್ನಾದರೂ ಮಾಡುತ್ತೇವೆ. ಚಿತ್ರ ಬಿಡಿಸುವ, ಕಥೆ ಕಟ್ಟುವ ಮಗುವನ್ನು ಗದರಿಸುತ್ತೇವೆ. ಹೀಗಿರುವಾಗ ನಮ್ಮ ಕಥೆಯನ್ನು ಅನ್ಯರು ತಪ್ಪಾಗಿ ಹೇಳಿದರೆಂದು ಎಷ್ಟು ಕಾಲ ದೂರುತ್ತಿರೋಣ?