ಸಂಘದ ಬಾಗಿಲಲ್ಲಿ ಜಾತಕ ಕೇಳಬೇಡಿ!

ಕನ್ನಡದ ತರುಣ ಗೆಳೆಯರೇ,

ನವೆಂಬರ್ ಬಂತೆಂದರೆ ನಿಮ್ಮ ಬಡಾವಣೆಯಲ್ಲಿ ಕಂಬಕ್ಕೊಂದು ಬಾವುಟ, ವೃತ್ತಕ್ಕೊಂದು ಪೆಂಡಾಲು, ಪೆಂಡಾಲಿಗೊಂದು ಸಂಘ. ಬಾವುಟ ಕಟ್ಟಲು ನೀವು ಬೇಕು. ಕುರ್ಚಿ ಹೊರಲು ನೀವು ಬೇಕು. ಅಂಗಡಿ ಅಂಗಡಿ ತಿರುಗಿ ಚಂದಾ ಎತ್ತಲು, ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಜೈಕಾರ ಕೂಗಲು, ಬಂದ್ ದಿನ ಲಾಠಿಗೆ ಬೆನ್ನೊಡ್ಡಲು ನೀವೇ ಬೇಕು. ಆದರೆ ಒಂದು ಮಾತು ಕೇಳಿಕೊಳ್ಳಿ. ಆ ಸಂಘದ ಸದಸ್ಯರ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ?

ವಾಟ್ಸಾಪ್ ಗುಂಪಿನಲ್ಲಿ ಇದೆ ಎನ್ನುತ್ತೀರಿ. ಬ್ಯಾನರಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಭಾವಚಿತ್ರವೂ ಇದೆ ಎನ್ನುತ್ತೀರಿ. ನಾವು ಕೇಳಿದ್ದು ಅದಲ್ಲ. ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವ ಹಕ್ಕು ನಿಮಗಿದೆಯೇ? ಲೆಕ್ಕ ಕೇಳುವ ಹಕ್ಕಿದೆಯೇ? ಅಧ್ಯಕ್ಷರನ್ನು ಆರಿಸುವ, ಬೇಡವೆಂದರೆ ಇಳಿಸುವ ಹಕ್ಕಿದೆಯೇ? ಇಲ್ಲವಾದರೆ ನೀವು ಸಂಘದ ಸದಸ್ಯರಲ್ಲ. ಸಂಘದ ಸಂಬಳವಿಲ್ಲದ ಆಳುಗಳು!

ಕಟುವಾಯಿತೇ? ಆಗಲಿ. ಸರ್ಕಾರ ಕನ್ನಡಿಗನಿಗೆ ಅನ್ಯಾಯ ಮಾಡಿದರೆ ನಾವು ಬೀದಿಗಿಳಿಯುತ್ತೇವೆ. ನಮ್ಮದೇ ಸಂಘದ ಬಾಗಿಲಲ್ಲಿ ಕನ್ನಡಿಗನಿಗೆ ಅನ್ಯಾಯವಾದರೆ ಬಾಯಿ ಮುಚ್ಚಿಕೊಂಡಿರುತ್ತೇವೆ. ಈ ಎರಡು ನಾಲಿಗೆ ಬೇಡ.

ನಮ್ಮ ಸಂಘಗಳಿಗೆ ಅಂಟಿರುವ ರೋಗ ಎರಡು. ಮೊದಲನೆಯದು ಮುಚ್ಚಿದ ಬಾಗಿಲು. ಹತ್ತು ಹದಿನೈದು ಮಂದಿ ಸೇರಿ ಸಂಘ ಕಟ್ಟುತ್ತಾರೆ. ಒಳ್ಳೆಯ ಕೆಲಸವನ್ನೂ ಮಾಡುತ್ತಾರೆ. ಸಂಘಕ್ಕೊಂದು ನಿವೇಶನ ಸಿಗುತ್ತದೆ, ಭವನ ಏಳುತ್ತದೆ, ಬಾಡಿಗೆ ಬರತೊಡಗುತ್ತದೆ. ಅಲ್ಲಿಂದ ಬಾಗಿಲಿಗೆ ಅಗುಳಿ! ಹೊಸ ಹುಡುಗ ಅರ್ಜಿ ಕೇಳಿದರೆ ಕಾರ್ಯದರ್ಶಿಗಳು ಊರಲ್ಲಿಲ್ಲ, ಅರ್ಜಿ ನಮೂನೆ ಮುಗಿದಿದೆ, ಮುಂದಿನ ಸಭೆಯಲ್ಲಿ ನೋಡೋಣ. ಆ ಮುಂದಿನ ಸಭೆ ಎಂದೂ ಬರುವುದಿಲ್ಲ. ಕಡೆಗೆ ಅಪ್ಪ ಅಧ್ಯಕ್ಷ, ಮಗ ಕಾರ್ಯದರ್ಶಿ, ಅಳಿಯ ಖಜಾಂಚಿ. ಅದು ಕನ್ನಡ ಸಂಘವಲ್ಲ, ಕುಟುಂಬದ ಆಸ್ತಿ.

ಎರಡನೆಯ ರೋಗ ಚುನಾವಣೆಯ ಹಿಂದಿನ ದಿನ ಹಾರುಹೊಡೆಯುವ ಬಾಗಿಲು. ವರ್ಷವಿಡೀ ಸಂಘದ ಕಡೆ ತಲೆಹಾಕದ ಹಣವಂತನೊಬ್ಬ ನೂರಾರು ಅರ್ಜಿಗಳ ಕಟ್ಟು ಹಿಡಿದು ಬರುತ್ತಾನೆ. ಎಲ್ಲರ ಶುಲ್ಕವನ್ನೂ ಅವನೇ ಕಟ್ಟುತ್ತಾನೆ. ಅರ್ಜಿಯ ಮೇಲೆ ಒಂದೇ ಕೈಬರಹ, ಒಂದೇ ಶಾಯಿ. ತಾವು ಸದಸ್ಯರಾದ ಸುದ್ದಿ ಆ ಸದಸ್ಯರಿಗೇ ಗೊತ್ತಿರುವುದಿಲ್ಲ! ಮತದಾನದ ದಿನ ವ್ಯಾನಿನಲ್ಲಿ ಬರುತ್ತಾರೆ, ಊಟ ಮಾಡಿ ಹೋಗುತ್ತಾರೆ. ಇಪ್ಪತ್ತು ವರ್ಷ ಕಸ ಗುಡಿಸಿ, ಪುಸ್ತಕ ಹೊತ್ತು ಸಂಘ ಬೆಳೆಸಿದವನು ಮೂಲೆಗೆ.

ಗಮನಿಸಿ, ಎರಡೂ ರೋಗಕ್ಕೆ ಬೇರು ಒಂದೇ. ಯಾರು ಸದಸ್ಯರಾಗಬಹುದು ಎಂಬುದನ್ನು ನಿಯಮ ತೀರ್ಮಾನಿಸುತ್ತಿಲ್ಲ. ಕುರ್ಚಿಯಲ್ಲಿ ಕೂತವನು ತೀರ್ಮಾನಿಸುತ್ತಿದ್ದಾನೆ.

ಸರ್ಕಾರವೇ ಬಂದು ಇದನ್ನು ಸರಿಮಾಡಲಿ ಎನ್ನುವವರಿಗೆ ಒಂದು ಮೊಕದ್ದಮೆಯ ಕಥೆ ಹೇಳಬೇಕು. 1910ರಲ್ಲಿ ಹುಟ್ಟಿದ ಹಿಂದಿ ಸಾಹಿತ್ಯ ಸಮ್ಮೇಳನ ಎಂಬ ಸಂಸ್ಥೆ ಅಲಹಾಬಾದಿನಲ್ಲಿದೆ. ಒಳಜಗಳ ಬೆಳೆದಾಗ 1962ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದರ ಸದಸ್ಯತ್ವದ ಸ್ವರೂಪವನ್ನೇ ಬದಲಾಯಿಸಿತು. ಹಳೆಯ ಸದಸ್ಯರು ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1971ರಲ್ಲಿ ಕೋರ್ಟು ಆ ಕಾಯಿದೆಯನ್ನು ರದ್ದು ಮಾಡಿತು. ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಕಟ್ಟಿದವರು ತಾವು ಒಪ್ಪಿ ಸೇರಿಸಿಕೊಂಡವರ ಜೊತೆಯಲ್ಲೇ ಅದನ್ನು ಮುಂದುವರಿಸುವ ಹಕ್ಕೂ ಅದರಲ್ಲಿ ಸೇರಿದೆ. ಸರ್ಕಾರ ಹೊರಗಿನವರನ್ನು ತಂದು ತುರುಕುವಂತಿಲ್ಲ ಎಂಬುದು ಅದರ ಸಾರ. ಹಿಂದಿಯವರು ಗೆದ್ದ ಮೊಕದ್ದಮೆ ಎಂದು ಮುಖ ತಿರುಗಿಸಬೇಡಿ. ದೆಹಲಿಯಲ್ಲಿ ಕೂತವರು ನಾಳೆ ಕನ್ನಡ ಸಂಘಕ್ಕೆ ತಮಗೆ ಬೇಕಾದವರನ್ನು ತುಂಬಲು ಹೊರಟರೆ ನಮ್ಮ ಕೈಯಲ್ಲಿರುವ ಗುರಾಣಿಯೂ ಅದೇ.

ಆದರೆ ಗುರಾಣಿ ಹಿಡಿದವನಿಗೆ ಜವಾಬ್ದಾರಿಯೂ ಇದೆ. ಯಾರನ್ನು ಸೇರಿಸಬೇಕೆಂದು ಸರ್ಕಾರ ಹೇಳುವಂತಿಲ್ಲ ಎಂದಮೇಲೆ ನಾವೇ ನ್ಯಾಯವಾಗಿ ಹೇಳಬೇಕು. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಮೊಕದ್ದಮೆ ಬಂತು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಬೈಲಾವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಂದರೆ ಒಂದು ಸಮುದಾಯ ತನ್ನವರಿಗಷ್ಟೇ ಸಂಘ ಕಟ್ಟಿಕೊಂಡರೆ ಕಾನೂನು ಅಡ್ಡ ಬರುವುದಿಲ್ಲ. ಒಂದೂವರೆ ಲಕ್ಷವೂ ಇಲ್ಲದ ಪಾರ್ಸಿಗಳಿಗೆ ತಮ್ಮ ಉಳಿವಿನ ಆತಂಕವಿದೆ, ಅವರ ಮಾತು ಅವರಿಗೆ. ನಾವು ಹಾಗೆ ಮಾಡಬಹುದೇ? ಕಾನೂನು ಬಿಟ್ಟೀತು. ಕನ್ನಡ ಬಿಟ್ಟೀತೇ?

ಬಿಡುವುದಿಲ್ಲ ಎಂದು ನಮ್ಮ ಚರಿತ್ರೆಯೇ ಹೇಳುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದೂ ಕೈಲಾಸಂ ಅವರದೂ ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. ನಿಸಾರ್ ಅಹಮದ್ ಅವರದು ಉರ್ದು. ನಮ್ಮ ಜ್ಞಾನಪೀಠಗಳ ಪಟ್ಟಿ ತೆಗೆದು ಮನೆಮಾತಿನ ಜರಡಿ ಹಿಡಿದರೆ ಬೇಂದ್ರೆ ಉದುರುತ್ತಾರೆ, ಮಾಸ್ತಿ ಉದುರುತ್ತಾರೆ, ಕಾರ್ನಾಡ್ ಉದುರುತ್ತಾರೆ! 1894ರಲ್ಲಿ ನಮ್ಮ ಭಾಷೆಗೆ ಮಹಾನಿಘಂಟು ಕೊಟ್ಟ ಕಿಟೆಲ್ ಜರ್ಮನಿಯವರು. ಇವರಲ್ಲಿ ಯಾರಾದರೂ ಇವತ್ತು ನಿಮ್ಮ ಬಡಾವಣೆಯ ಸಂಘಕ್ಕೆ ಅರ್ಜಿ ಕೊಟ್ಟರೆ "ನಿಮ್ಮ ಮನೇಲಿ ಏನು ಮಾತಾಡ್ತೀರಿ?" ಎಂದು ಕೇಳುವ ಪದಾಧಿಕಾರಿ ಇದ್ದಾನೆ. ಅವನಿಗಿಂತ ದೊಡ್ಡ ಕನ್ನಡದ್ರೋಹಿ ಬೇರೆ ಬೇಕೇ?

ಮುಂಬೈಯನ್ನು ನೋಡಿ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಪಾಟಿ ಹಿಡಿದ ಹುಡುಗರಿಗಾಗಿ ಅಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಅವುಗಳಿಗೆ ದುಡಿದವರಲ್ಲಿ, ಓದಿದವರಲ್ಲಿ ಬಹುಮಂದಿಯ ಮನೆಮಾತು ತುಳು. ಅವರು ಕನ್ನಡಿಗರಲ್ಲವೆಂದು ಯಾರಾದರೂ ಹೇಳಿಯಾರೇ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮನೆಮಾತಿನವರು ಮೂರರಲ್ಲಿ ಸುಮಾರು ಎರಡು ಪಾಲು. ಬೆಂಗಳೂರು ನಗರ ಜಿಲ್ಲೆಯಲ್ಲಿ ಅವರು ಅರ್ಧವನ್ನೂ ಮುಟ್ಟಲಿಲ್ಲ. ಈ ಲೆಕ್ಕವನ್ನು ಎರಡು ರೀತಿ ಓದಬಹುದು. ಹೆದರಿದವನು ಬಾಗಿಲು ಹಾಕಿಕೊಳ್ಳುತ್ತಾನೆ. ಧೈರ್ಯವಂತ ಕನ್ನಡದ ಬಳಗ ದೊಡ್ಡದು ಮಾಡುತ್ತಾನೆ. ಮನೆಮಾತಿನವರಷ್ಟೇ ಸಾಕೆಂದರೆ ರಾಜಧಾನಿಯಲ್ಲಿ ನಾವು ಎಂದೆಂದಿಗೂ ಅಲ್ಪಸಂಖ್ಯಾತರೇ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡಿ ಬೀದಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಕನ್ನಡಕ್ಕೆ ನಿಲ್ಲುವವರನ್ನು ಸೇರಿಸಿಕೊಂಡರೆ?

ಹಾಗಾದರೆ ಬಂದವರನ್ನೆಲ್ಲ ಒಳಗೆ ಬಿಡುವುದೇ? ಹೊರಗಿನವರು ಗುಂಪಾಗಿ ಬಂದು ಸಂಘವನ್ನೇ ನುಂಗಿದರೆ? ಹಿರಿಯರ ಈ ಭಯವನ್ನು ನಾವು ಹಗುರಾಗಿ ನೋಡುವುದಿಲ್ಲ. ಬೇಲಿಯೇ ಇಲ್ಲದ ಹೊಲ ಯಾರಿಗೆ ಉಳಿದೀತು? ಬೇಲಿ ಬೇಕು. ಆದರೆ ಬೇಲಿಯನ್ನು ಹುಟ್ಟಿನ ಮೇಲೆ ಹಾಕಬೇಡಿ. ಜಾತಿಯ ಮೇಲೆ ಹಾಕಬೇಡಿ. ಭಾಷೆಯ ಮೇಲೆ, ದುಡಿಮೆಯ ಮೇಲೆ ಹಾಕಿ.

ಅಲ್ಲೂ ಎಚ್ಚರ ಬೇಕು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡಲು ಮಸೂದೆ ಸಿದ್ಧಮಾಡಿ, ಉದ್ಯಮಿಗಳು ಹುಯಿಲೆಬ್ಬಿಸಿದ ಕೂಡಲೇ ತಡೆಹಿಡಿಯಿತು. ಸ್ಥಳೀಯ ಯಾರು ಎಂದು ಹೇಳುವಾಗ ಆ ಮಸೂದೆ ರಾಜ್ಯದಲ್ಲಿ ಹುಟ್ಟು, 15 ವರ್ಷದ ವಾಸ, ಕನ್ನಡ ಮಾತು, ಓದು, ಬರಹ ಇಷ್ಟನ್ನೂ ಹೆಸರಿಸಿತ್ತು. ಕೆಲಸ ಹಂಚುವಾಗ ಇಂಥ ಅಳತೆಗೋಲು ಬೇಕಾದೀತು. ಆದರೆ ಸಂಘ ನೌಕರಿಯಲ್ಲ. ಸಂಘದಲ್ಲಿ ಹಂಚಲು ಸಂಬಳವಿಲ್ಲ, ಹೊರಲು ಹೊರೆಯಿದೆ. ಹೊರಲು ಬಂದವನಿಗೆ ಹುಟ್ಟಿದ ಊರಿನ ದಾಖಲೆ ಯಾಕೆ?

"ಓದು ಬರಹ ಬಲ್ಲವರಿಗೆ ಮಾತ್ರ" ಎನ್ನುವ ನಿಯಮವನ್ನೂ ಯೋಚಿಸಿ ಹಾಕಿ. ಸಾಹಿತ್ಯದ ಸಂಸ್ಥೆಗೆ ಅದು ಸರಿ. ಬಡಾವಣೆಯ ಸಂಘಕ್ಕೆ? ಯಾದಗಿರಿಯಿಂದ, ರಾಯಚೂರಿನಿಂದ ಗುಳೆ ಬಂದು ನಿಮ್ಮ ಅಪಾರ್ಟ್‌ಮೆಂಟಿನ ಗೋಡೆ ಕಟ್ಟಿದ ಗಾರೆ ಕೆಲಸದವನಿಗೆ ಅಕ್ಷರ ಬಾರದಿರಬಹುದು. ಅವನ ಬಾಯಲ್ಲಿರುವುದು ಅಪ್ಪಟ ಕನ್ನಡ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಿಮ್ಮ ತಮ್ಮನಿಗೆ ಕನ್ನಡ ಬರೆಯಲು ಕೈ ನಡುಗುತ್ತದೆ. ಇಬ್ಬರನ್ನೂ ಹೊರಗಿಟ್ಟರೆ ಒಳಗೆ ಉಳಿಯುವವರು ಯಾರು? ಇಬ್ಬರನ್ನೂ ಸೇರಿಸಿ, ಸಂಘದಲ್ಲೇ ಅಕ್ಷರ ಕಲಿಸಿ. ಅದೇ ಸಂಘದ ಕೆಲಸ.

ಇನ್ನು ಹೆಣ್ಣುಮಕ್ಕಳ ವಿಷಯ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು ಸಿಕ್ಕಿದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆ. ಸುಮಾರು ಅರವತ್ತು ವರ್ಷ ಬೇಕಾಯಿತು! ಪರಿಷತ್ತಿನ ಅಧ್ಯಕ್ಷಗಿರಿಯೋ? 2021ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತದಾರರಿದ್ದ ಚುನಾವಣೆ ನಡೆದಾಗಲೂ ಅದು ಗಂಡಸಿಗೇ ಹೋಯಿತು. ಅಲ್ಲಿಯವರೆಗೆ ಆರಿಸಿಬಂದವರಲ್ಲಿ ಒಬ್ಬ ಹೆಂಗಸೂ ಇಲ್ಲ. ದೊಡ್ಡ ಮನೆಯ ಕಥೆ ಹೀಗಾದರೆ ಗಲ್ಲಿಯ ಸಂಘದ ಕಥೆ ಕೇಳಬೇಕೇ? ಆರತಿ ತಟ್ಟೆ ಹಿಡಿಯಲು, ನಾಡಗೀತೆ ಹಾಡಲು ಅಕ್ಕಂದಿರು ಬೇಕು. ಸದಸ್ಯರ ಪುಸ್ತಕ ತೆರೆದರೆ ಪುಟ ತಿರುವಿದರೂ ಅವರ ಹೆಸರಿಲ್ಲ.

ಹಾಗಾದರೆ ಏನು ಮಾಡಬೇಕು? ಬರೀ ಬೈದು ಮುಗಿಸುವುದು ನಮ್ಮ ಪದ್ಧತಿಯಲ್ಲ. ನಿಮ್ಮ ಸಂಘದ ಬೈಲಾದಲ್ಲಿ ಇಷ್ಟಿರಲಿ ಎಂದು ಪಟ್ಟು ಹಿಡಿಯಿರಿ.

ಒಂದು: ಹದಿನೆಂಟು ತುಂಬಿದ, ಕನ್ನಡದಲ್ಲಿ ವ್ಯವಹರಿಸಬಲ್ಲ, ಸಂಘದ ಉದ್ದೇಶ ಒಪ್ಪಿ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಯಾರೇ ಆದರೂ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಜಾತಿಯ ಕಾಲಮ್ಮು ಬೇಡ, ಮನೆಮಾತಿನ ಕಾಲಮ್ಮೂ ಬೇಡ.

ಎರಡು: ಕನ್ನಡ ಕಲಿಯುತ್ತಿರುವವರಿಗೆ ಸಹಸದಸ್ಯರ ಸ್ಥಾನ ಇರಲಿ. ಮಾತು ಬಂದ ದಿನ ಪೂರ್ಣ ಸದಸ್ಯತ್ವ ಕೊಡಿ.

ಮೂರು: ಶುಲ್ಕವನ್ನು ಸದಸ್ಯನೇ ಕಟ್ಟಬೇಕು. ಒಬ್ಬನ ಕೈಯಿಂದ ನೂರು ಜನರ ಶುಲ್ಕ ಬಂದರೆ ನೂರನ್ನೂ ತಿರಸ್ಕರಿಸಿ. ಕೂಲಿಯವನಿಗೂ ಕಟ್ಟಲಾಗುವಷ್ಟು ಮಾತ್ರ ಶುಲ್ಕವಿರಲಿ.

ನಾಲ್ಕು: ಸೇರಿದ ದಿನದಿಂದ ಕೆಲಸ ಮಾಡಲಿ, ಮಾತಾಡಲಿ. ಮತದ ಹಕ್ಕು ಮಾತ್ರ ಒಂದು ವರ್ಷ ಕಳೆದ ಮೇಲೆ. ಹಿಂಡು ತಂದು ಸಂಘ ನುಂಗುವವರಿಗೆ ಇದೊಂದೇ ಮದ್ದು.

ಐದು: ಅರ್ಜಿಗೆ ಎರಡು ತಿಂಗಳಲ್ಲಿ ಉತ್ತರ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ. ಒಪ್ಪದವನಿಗೆ ಸರ್ವಸದಸ್ಯರ ಸಭೆಗೆ ಮೇಲ್ಮನವಿ. ಸದಸ್ಯರ ಪಟ್ಟಿ ವರ್ಷಕ್ಕೊಮ್ಮೆ ಸಂಘದ ಫಲಕದ ಮೇಲೆ.

ಸೇರಿಸುವುದಕ್ಕೆ ನಿಯಮ ಎಷ್ಟು ಮುಖ್ಯವೋ ಹೊರಹಾಕುವುದಕ್ಕೂ ಅಷ್ಟೇ ಮುಖ್ಯ. ನಮ್ಮ ಬೆಳಗಾವಿಯ ಫ್ರೀಮೇಸನ್ ಲಾಡ್ಜೊಂದರಿಂದ ಹೊರಹಾಕಿಸಿಕೊಂಡ ಸದಸ್ಯನ ಮೊಕದ್ದಮೆ 1960ರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಸದಸ್ಯ ಸೋತ. ಆದರೆ ಅಂದು ಕೋರ್ಟು ಹೇಳಿದ ಮಾತು ಎಲ್ಲ ಸಂಘಗಳಿಗೂ ದಾರಿದೀಪ: ಸದಸ್ಯನನ್ನು ತೆಗೆಯುವುದಾದರೆ ಸಂಘದ ನಿಯಮದಂತೆಯೇ ತೆಗೆಯಬೇಕು, ಆರೋಪ ತಿಳಿಸಬೇಕು, ಅವನ ಮಾತು ಕೇಳಬೇಕು, ಒಳ್ಳೆಯ ಮನಸ್ಸಿನಿಂದ ತೀರ್ಮಾನಿಸಬೇಕು. ಲೆಕ್ಕ ಕೇಳಿದ ಹುಡುಗನನ್ನು "ಸಂಘವಿರೋಧಿ" ಎಂದು ರಾತ್ರೋರಾತ್ರಿ ಕಿತ್ತೆಸೆಯುವವರು ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ಗೆಳೆಯರೇ, ನಾಳೆಯೇ ಕೆಲಸ ಶುರುಮಾಡಿ. ಸಂಘದ ಕಚೇರಿಗೆ ಹೋಗಿ, "ಅಣ್ಣಾ, ಬೈಲಾ ಒಂದು ಪ್ರತಿ ಕೊಡಿ" ಎಂದು ಕೇಳಿ. ವಿನಯದಿಂದ ಕೇಳಿ, ಆದರೆ ಕೊಡುವವರೆಗೆ ಕೇಳಿ. ಅರ್ಜಿ ಹಾಕಿ, ರಸೀದಿ ಪಡೆಯಿರಿ. ತಂಗಿಯಿಂದ ಹಾಕಿಸಿ, ಪಕ್ಕದ ಮನೆಯ ತೆಲುಗಿನ ಗೆಳೆಯನಿಂದ ಹಾಕಿಸಿ. ಸದಸ್ಯರಾದಮೇಲೆ ಅವ್ಯವಹಾರ ಕಂಡರೆ ಕೈಕಟ್ಟಿ ಕೂರಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ 25ನೇ ಕಲಮಿನಂತೆ ಸದಸ್ಯರ ಮೂರನೇ ಒಂದು ಪಾಲು ಜನ ಸೇರಿ ಅರ್ಜಿ ಕೊಟ್ಟರೆ ರಿಜಿಸ್ಟ್ರಾರರು ವಿಚಾರಣೆ ನಡೆಸಲೇಬೇಕು.

ಇಷ್ಟಾದರೂ ಬಾಗಿಲು ತೆರೆಯದಿದ್ದರೆ ಅದೇ ಕಾಯಿದೆಯಲ್ಲಿ ಇನ್ನೊಂದು ದಾರಿಯಿದೆ. ಹೊಸ ಸಂಘಕ್ಕೆ ಬೇಕಾದದ್ದು ಏಳೇ ಏಳು ಜನ. 1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ! ನಾಡು ಹುಟ್ಟುವ ಮೊದಲು ಸಂಘ ಹುಟ್ಟಿತು, ಸಂಘ ನಾಡನ್ನು ಕಟ್ಟಿತು.

ಆದರೆ ಒಂದು ನೆನಪಿರಲಿ. ನೀವು ಕಟ್ಟುವ ಸಂಘದ ಬಾಗಿಲಿಗೆ ನಾಳೆ ಎಂಟನೆಯವನು ಬಂದು ನಿಲ್ಲುತ್ತಾನೆ. ಅವನ ಜಾತಿ ಕೇಳುತ್ತೀರೋ, ಊರು ಕೇಳುತ್ತೀರೋ, "ಬಾಪ್ಪಾ, ಕನ್ನಡಕ್ಕೆ ಏನು ಮಾಡ್ತೀಯ?" ಎಂದು ಕೇಳುತ್ತೀರೋ? ಅದರ ಮೇಲೆ ನಿಮ್ಮ ಸಂಘದ ಹಣೆಬರಹ ನಿಂತಿದೆ.

ಸಿರಿಗನ್ನಡಂ ಗೆಲ್ಗೆ!