ಮೂರು ಎಲ್‌ಪಿಗಳ ಸಂತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಬಲ್ಲವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಧಾರವಾಡ ಬಿಟ್ಟು ಡೊಂಬಿವಲಿಗೆ ಬಂದು ಮೂವತ್ತು ವರ್ಷವಾಯಿತು. ಕಿವಿಗೆ ಬಿದ್ದದ್ದೆಂದರೆ ಮನೆಯಲ್ಲಿ ಮನ್ಸೂರರ ಗಾಯನ, ಟಾಕೀಸಿನಲ್ಲಿ ರಾಜಕುಮಾರ್, ಇಲ್ಲಿಗೆ ಬಂದ ಮೇಲೆ ಲೋಕಲ್ ರೈಲಿನ ಭಜನಾ ಮಂಡಳಿ. ಇಂಥವನು ಪಂಕ್ ರಾಕ್ ಬಗ್ಗೆ ಬರೆಯಲು ಕೂತರೆ ನಗು ಬರುವುದು ಸಹಜ. ನಗಿ, ಆದರೆ ಓದಿ.

ಕೆಲಸ ಸಿಕ್ಕು ಹೈದರಾಬಾದಿಗೆ ಹೊರಟ ಮಗಳು ನನ್ನ ಫೋನಿನಲ್ಲಿ ಒಂದು ಆಲ್ಬಮ್ ಹಾಕಿಕೊಟ್ಟಳು. ಇಂಗ್ಲೆಂಡಿನ 'ದಿ ಕ್ಲ್ಯಾಶ್' ತಂಡದ 'ಸ್ಯಾಂಡಿನಿಸ್ಟಾ!'. ಜೊತೆಗೆ ಒಂದು ಎಚ್ಚರಿಕೆ: "ಅಪ್ಪಾ, ಇದನ್ನ ಪೂರ್ತಿ ಕೇಳೋದು ನಿನ್ನ ಕಡಿಂದ ಆಗಂಗಿಲ್ಲ. ನಾ ಹನ್ನೆರಡು ಹಾಡು ಆರಿಸಿ ಇಟ್ಟೇನಿ, ಅಷ್ಟ ಕೇಳು." ಹಟಕ್ಕೆ ಬಿದ್ದು ಪೂರ್ತಿ ಕೇಳಿದೆ. 36 ಹಾಡು, ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಸ್ಲೋ ಲೋಕಲ್ ಹಿಡಿದರೆ ಸಿಎಸ್‌ಟಿಗೆ ಹೋಗಿ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಮುಗಿಯುತ್ತದೆ.

ಆ ಹನ್ನೆರಡು ಹಾಡಿನ ಪಟ್ಟಿಯ ಮೇಲೇ ನನ್ನ ತಕರಾರು. ಇದು ಮಗಳೊಬ್ಬಳ ಬುದ್ಧಿ ಅಲ್ಲ. 1980ರ ಡಿಸೆಂಬರಿನಲ್ಲಿ ಈ ಆಲ್ಬಮ್ ಬಂದಾಗಿನಿಂದ ಎಲ್ಲರದೂ ಒಂದೇ ಮಾತು: ಮೂರು ಎಲ್‌ಪಿ ಜಾಸ್ತಿಯಾಯಿತು, ಕತ್ತರಿಸಿದರೆ ಒಂದು ಒಳ್ಳೆಯ ಎಲ್‌ಪಿ ಸಿಗುತ್ತದೆ. ಅಮೆರಿಕದ 'ವಿಲೇಜ್ ವಾಯ್ಸ್' ಪತ್ರಿಕೆ 1981ರಲ್ಲಿ ವಿಮರ್ಶಕರ ಮತ ಕೇಳಿದಾಗ ಇದೇ ಮೊದಲ ಸ್ಥಾನಕ್ಕೆ ಬಂತು, ನಿಜ. ಆದರೆ ಜನರ ಬಾಯಲ್ಲಿ ಉಳಿದದ್ದು ಅದಕ್ಕೂ ಹಿಂದಿನ 'ಲಂಡನ್ ಕಾಲಿಂಗ್', ಮಾರಾಟದಲ್ಲಿ ಗೆದ್ದದ್ದು ಮುಂದಿನ 'ಕಾಂಬ್ಯಾಟ್ ರಾಕ್'. ನಡುವಿನ ಮಗನ ಹಾಗೆ ಇದು ಮೂಲೆಗೆ ಬಿತ್ತು.

ಪಂಕ್ ಅಂದರೆ ನಾನು ತಿಳಿದಷ್ಟು ಇಷ್ಟೇ: ಮೂರು ಕಾರ್ಡ್, ಎರಡು ನಿಮಿಷ, ಸಿಟ್ಟು. 1977ರಲ್ಲಿ ಕ್ಲ್ಯಾಶ್‌ನವರು ಶುರು ಮಾಡಿದ್ದೂ ಹಾಗೆಯೇ. ಮೂರೇ ವರ್ಷದಲ್ಲಿ ಅವರು ಎಲ್ಲಿಗೆ ಬಂದಿದ್ದರು ನೋಡಿ. ಮೊದಲ ಹಾಡು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ರ‍್ಯಾಪ್! ನ್ಯೂಯಾರ್ಕಿಗೆ ಹೋದವರು ಅಲ್ಲಿನ ಕರಿಯ ಹುಡುಗರ ಹೊಸ ಹಾಡುಗಾರಿಕೆ ಕೇಳಿ ಮರುಳಾಗಿ, ಅಲ್ಲೇ ಕೂತು ಮಾಡಿದ್ದು. ಬೆಳಗ್ಗೆ ಅಲಾರಂಗೆ ಎದ್ದು, ಕೆಲಸಕ್ಕೆ ಓಡಿ, ಗಡಿಯಾರ ನೋಡುತ್ತ ದಿನ ನೂಕುವವನ ಕಥೆ. 7.10ರ ಲೋಕಲ್ಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಕೇಳಿದವನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ಒಂದು ವಾಲ್ಟ್ಜ್, ಚರ್ಚಿನಲ್ಲಿ ಹಾಡುವಂಥ ಗಾಸ್ಪೆಲ್, ಮೋಸ್ ಆಲಿಸನ್ನನ ಒಂದು ಜಾಝ್, ವೆಸ್ಟ್ ಇಂಡೀಸಿನ ಕ್ಯಾಲಿಪ್ಸೊ, ಡಿಸ್ಕೊ, ಮತ್ತೆ ಮತ್ತೆ ರೆಗ್ಗೆ. ರೆಗ್ಗೆಗಾಗಿ ಜಮೈಕಾದ ಕಿಂಗ್‌ಸ್ಟನ್‌ಗೇ ಹೋದರು, ಮೈಕಿ ಡ್ರೆಡ್ ಎಂಬ ಅಲ್ಲಿಯ ಕಲಾವಿದನನ್ನು ಜೊತೆಗೆ ಸೇರಿಸಿಕೊಂಡರು. 'ವಾಷಿಂಗ್ಟನ್ ಬುಲೆಟ್ಸ್' ಕೇಳಲು ಹಬ್ಬದ ಹಾಡಿನ ಹಾಗಿದೆ, ಒಳಗಿರುವುದು ಚಿಲಿಯ, ಕ್ಯೂಬಾದ, ನಿಕರಾಗುವಾದ ರಕ್ತ. ಅಮೆರಿಕವನ್ನು ಬೈದು ಸುಮ್ಮನಾಗುವುದಿಲ್ಲ, ಅಫ್ಘಾನಿಸ್ತಾನಕ್ಕೆ ನುಗ್ಗಿದ ರಷ್ಯಾವನ್ನೂ ಟಿಬೆಟ್ ವಿಷಯಕ್ಕೆ ಚೀನಾವನ್ನೂ ಬಿಡುವುದಿಲ್ಲ. ನಮ್ಮ ಎಡ-ಬಲದ ಗೆಳೆಯರು ಒಮ್ಮೆ ಕೇಳಬೇಕು. ಇನ್ನು ತಮ್ಮದೇ ಮೊದಲ ಆಲ್ಬಮ್ಮಿನ ಸಿಟ್ಟಿನ ಹಾಡು 'ಕರಿಯರ್ ಆಪರ್ಚುನಿಟೀಸ್' ಅನ್ನು ಚಿಕ್ಕ ಹುಡುಗರ ಕೈಲಿ ಹಾಡಿಸಿದ್ದಾರೆ. ಎಳೆ ದನಿಯಲ್ಲಿ ನಿರುದ್ಯೋಗದ ಹಾಡು. ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಎಲ್ಲವೂ ಚೆನ್ನಾಗಿದೆ ಎನ್ನುತ್ತಿಲ್ಲ. 'ಮೆನ್ಸ್‌ಫೋರ್ತ್ ಹಿಲ್' ಎಂಬುದು ಇದೇ ಆಲ್ಬಮ್ಮಿನ ಇನ್ನೊಂದು ಹಾಡನ್ನು ಹಿಂದುಮುಂದಾಗಿ ತಿರುಗಿಸಿದ್ದು. ನನಗಂತೂ ತಲೆನೋವು. ಆರನೆಯ ಬದಿಯಲ್ಲಿ ಹಳೆಯ ಹಾಡುಗಳನ್ನೇ ಕಲಸಿ ಮತ್ತೆ ಬಡಿಸಿದ್ದು ಬಹಳ. ಆದರೆ ಸಂತೆಗೆ ಹೋದವರು ಎಲ್ಲವನ್ನೂ ಕೊಳ್ಳುತ್ತೇವೆಯೇ? ಬಳೆಯವನು ಬೇಡ, ಹಗ್ಗ ಮಾರುವವನು ಬೇಡ ಎಂದು ಎಬ್ಬಿಸಿ ಕಳಿಸಿದರೆ ಉಳಿಯುವುದು ಅಂಗಡಿ, ಸಂತೆ ಅಲ್ಲ.

ಈಗ ನನ್ನ ಕಸುಬಿನ ಮಾತು. ಮೂರು ಎಲ್‌ಪಿಗೆ ಮೂರರ ಬೆಲೆ ಹಾಕಿದರೆ ಹುಡುಗರಿಗೆ ಕೊಳ್ಳಲಾಗದು ಎಂದು ಬ್ರಿಟನ್ನಿನಲ್ಲಿ 5.99 ಪೌಂಡಿಗೆ, ಅಂದರೆ ಒಂದು ಎಲ್‌ಪಿಯ ಆಸುಪಾಸಿನ ಬೆಲೆಗೆ ಮಾರಿಸಿದರು. ಕಂಪನಿ ಸುಮ್ಮನೆ ಒಪ್ಪೀತೇ? ಅದಕ್ಕಾಗಿ ಅಲ್ಲಿ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟರು. ಅದೂ ಕಂಪನಿಗೆ ತಾವೇ ಸಾಲಗಾರರಾಗಿದ್ದಾಗ! ಇಂಥ ಪ್ರಪೋಸಲ್ ನನ್ನ ಮೇಜಿಗೆ ಬಂದಿದ್ದರೆ ಎರಡು ನಿಮಿಷದಲ್ಲಿ ವಾಪಸ್ ಕಳಿಸುತ್ತಿದ್ದೆ. ಹಾಗೆ ಕಳಿಸಿ ಕಳಿಸಿಯೇ ನನ್ನ ಸರ್ವಿಸ್ ಮುಗಿಯುತ್ತ ಬಂತು. 'ಅನಗತ್ಯ' ಎಂದು ಕೆಂಪು ಗೆರೆ ಎಳೆದ ಎಷ್ಟೋ ಫೈಲುಗಳು ರಾತ್ರಿ ನೆನಪಾಗುತ್ತವೆ. ಒಬ್ಬ ಮುದ್ರಕ ಎರಡನೆಯ ಯಂತ್ರಕ್ಕೆ ಸಾಲ ಕೇಳಿದ್ದ, ಒಂದು ಸಾಕು ಅಂದಿದ್ದೆ. ಮತ್ತೆ ಅವನು ನಮ್ಮ ಬ್ರಾಂಚಿಗೆ ಬರಲೇ ಇಲ್ಲ.

ಇನ್ನೊಂದು ವಿಷಯ. ಹಾಡುಗಾರ ಜೋ ಸ್ಟ್ರಮ್ಮರ್‌ನ ಅಪ್ಪ ಹುಟ್ಟಿದ್ದು ನಮ್ಮ ಲಖನೌದಲ್ಲಿ. ವಿದೇಶಾಂಗ ಇಲಾಖೆಯ ನೌಕರಿ, ಹಾಗಾಗಿ ಮಗ ಹುಟ್ಟಿದ್ದು 1952ರಲ್ಲಿ ಅಂಕಾರಾದಲ್ಲಿ, ಬೆಳೆದದ್ದು ಕೈರೊ, ಮೆಕ್ಸಿಕೊ, ಬಾನ್ ಎಂದು ಊರೂರು ಅಲೆದು. ಟ್ರಾನ್ಸ್‌ಫರ್ ಮನೆಯ ಮಕ್ಕಳನ್ನು ನಾನು ಬಲ್ಲೆ. ಯಾವ ಊರೂ ಪೂರ್ತಿ ತಮ್ಮದಲ್ಲ, ಹಾಗೆಂದು ಯಾವುದೂ ಪರಕೀಯವೂ ಅಲ್ಲ. ಈ ಆಲ್ಬಮ್ಮಿನಲ್ಲಿ ಅದೇ ಕಿವಿ ಕೆಲಸ ಮಾಡಿದೆ ಎಂದು ನನ್ನ ಊಹೆ. ಆತ 2002ರಲ್ಲಿ ಐವತ್ತಕ್ಕೇ ತೀರಿಕೊಂಡ, ನನ್ನ ಈಗಿನ ವಯಸ್ಸಿಗಿಂತ ಚಿಕ್ಕವನು.

ಇದೆಲ್ಲ ಫೋನಿನಲ್ಲಿ ಮಗಳಿಗೆ ಒದರಿದ್ದೆ. "ಆತು ಬಿಡಪ್ಪಾ, ಕೇಳ್ತೇನಿ" ಎಂದು ಇಟ್ಟಳು. ಹೋದ ವಾರ ರಾತ್ರಿ ಹನ್ನೊಂದಕ್ಕೆ ಮೆಸೇಜು ಬಂತು. 'ಲೂಸ್ ದಿಸ್ ಸ್ಕಿನ್'ನಲ್ಲಿ ಪಿಟೀಲು ಬಾರಿಸುತ್ತ ಕಿರುಚಿ ಹಾಡುವವನು ಯಾರು, ಇದು ಜೋನ ದನಿ ಅಲ್ಲವಲ್ಲ ಎಂದು. ಅದು ಅವಳ ಹನ್ನೆರಡರ ಪಟ್ಟಿಯಲ್ಲಿ ಇಲ್ಲದ ಹಾಡು. ಟೈಮನ್ ಡಾಗ್ ಅಂತ, ಜೋನ ಹಳೆಯ ಗೆಳೆಯ ಎಂದು ಬರೆದು ಕಳಿಸಿ ಮಲಗಿದೆ.